ಲೆಕ್ಕಕ್ಕುಂಟು, ಪಾಠಕ್ಕಿಲ್ಲ

ಒಂದು ಸ್ಕೂಲ್ ವ್ಯಾನಿಗೆ ಇಷ್ಟು ಶಕ್ತಿ ಇರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಸ್ರೇಲಿನ ಕಾರ್ಮಿಯೆಲ್ ಎಂಬ ಯಹೂದಿಗಳೇ ಹೆಚ್ಚಿರುವ ಊರಿನಲ್ಲಿ ಅರಬ್ಬಿ ಮಾಧ್ಯಮದ ಶಾಲೆ ಇರಲಿಲ್ಲ. ಅಲ್ಲಿನ ಅರಬ್ ಮಕ್ಕಳ ಕಡೆಯವರು ಕೇಳಿದ್ದು ಪಕ್ಕದೂರಿನ ಶಾಲೆಗೆ ಹೋಗಿಬರುವ ಖರ್ಚು, ಅಷ್ಟೇ. 2020ರ ನವೆಂಬರಿನಲ್ಲಿ ಕೋರ್ಟು ಆಗಲ್ಲ ಎಂದಿತು. ಅರಬ್ಬಿ ಶಾಲೆ ತೆರೆದರೆ, ವ್ಯಾನ್ ಕೊಟ್ಟರೆ, ಅರಬ್ಬರು ಬಂದು ನೆಲೆಸಿ ಯಹೂದಿ ಊರಿನ ಜನಸಂಖ್ಯೆಯೇ ಏರುಪೇರಾಗುತ್ತದಂತೆ. ಮೇಲಿನ ಕೋರ್ಟು ಈ ವಾದವನ್ನು ಗದರಿತು, ದುಡ್ಡು ಮಾತ್ರ ಕೊಡಿಸಲಿಲ್ಲ. ಗದರಿಕೆ ಹಾಕಿ ಗಾಡಿ ಓಡಿಸೋಕಾಗುತ್ತಾ?

ಈ ತಲೆ ಎಣಿಸುವ ವಿದ್ಯೆಯಲ್ಲಿ ಹಿರಿಯಣ್ಣ ಅಂದರೆ ಅರಬ್ಬರ ಊರಾದ ನಜರೇತಿನ ಮೇಲಿನ ಗುಡ್ಡದ ಊರು, ನೋಫ್ ಹಗಲಿಲ್. ಇಸ್ರೇಲಿನ ಉತ್ತರದ ಗಲಿಲಾಯ ಪ್ರದೇಶದಲ್ಲಿ ಯಹೂದಿಗಳ ಸಂಖ್ಯೆ ಹೆಚ್ಚಿಸೋಣ ಅಂತ 1950ರ ದಶಕದಲ್ಲಿ ಕಟ್ಟಿದ್ದು. ಕಟ್ಟೋಕೆ ಜಾಗ ಎಲ್ಲಿಂದ ಬಂತು? ಕೆಳಗಿನ ನಜರೇತಿನ ಅರಬ್ಬರ ಜಮೀನೂ ಹೋಯಿತು. ಕೆಳಗೆ ಮನೆಗೆ ಜಾಗ ಸಾಲದೆ ಅದೇ ಜನ ದುಡ್ಡು ಕೂಡಿಸಿ ಮೇಲೆ ಮನೆ ಕೊಂಡರು. ಈಗ ನೂರಕ್ಕೆ ಸುಮಾರು 30 ಮಂದಿ ಅರಬ್ಬರು. ತಮ್ಮ ಊರಿನ ಗುಡ್ಡಕ್ಕೆ ತಾವೇ ವಲಸೆ!

ಈ ಅರಬ್ಬರಲ್ಲಿ ಕ್ರೈಸ್ತರೂ ಇದ್ದಾರೆ. 2010ರಲ್ಲಿ ಅಲ್ಲಿನ ಮೇಯರ್ ಅರಬ್ಬರ ಬಡಾವಣೆಯ ಚೌಕದಲ್ಲಿ ಕ್ರಿಸ್ಮಸ್ ಮರ ನಿಲ್ಲಿಸಬಾರದು ಎಂದಿದ್ದರು. ಇದು ಯಹೂದಿ ಊರು ಎಂಬ ಕಾರಣಕ್ಕೆ. ಕೆಳಗೆ ಕಣ್ಣಿಗೆ ಕಾಣುವುದು ಯಾವ ಊರು ಹೇಳಿ? ಯೇಸು ಬೆಳೆದ ಊರು. 2019ರಲ್ಲಿ ಹೆಸರಿನ ಕಾಟವೂ ತಪ್ಪಿತು. ಮೊದಲು ‘ಮೇಲಿನ ನಜರೇತ್’ ಎಂಬ ಅರ್ಥದ ಹೆಸರಿತ್ತು, ಈಗ ನೋಫ್ ಹಗಲಿಲ್, ಅಂದರೆ ಗಲಿಲಾಯದ ನೋಟ. ನೋಟ ಚೆನ್ನಾಗಿದೆ, ಸುಮ್ನೆ ಹೇಳಬಾರದು. ಆದರೆ ಊರು ಶುರುವಾದಾಗಿನಿಂದ ಹೆಸರು ಬದಲಾಗುವ ತನಕ ಅಲ್ಲೊಂದು ಅರಬ್ಬಿ ಶಾಲೆ ಯಾರ ಕಣ್ಣಿಗೂ ಬಿದ್ದಿಲ್ಲ. ಯಾಕೆಂದರೆ ಇರಲೇ ಇಲ್ಲ.

ಹಾಗಾಗಿ ಬೆಳಿಗ್ಗೆ ಬ್ಯಾಗು ಹೊತ್ತ ಮಕ್ಕಳು ಕಾರು, ವ್ಯಾನುಗಳಲ್ಲಿ ಗುಡ್ಡ ಇಳಿಯುತ್ತಾರೆ. ಕೆಳಗೆ ಸರ್ಕಾರಿ ಶಾಲೆಗಳಿವೆ, ಚರ್ಚಿನ ಶಾಲೆಗಳೂ ಇವೆ. ಚರ್ಚಿನ ಶಾಲೆಗೆ ಫೀಸು ಬೇರೆ ಕಟ್ಟಬೇಕು. 2015ರಲ್ಲಿ ಸರ್ಕಾರ ಅನುದಾನ ಕಡಿಮೆ ಮಾಡಿತು ಅಂತ ದೇಶದ 47 ಕ್ರೈಸ್ತ ಶಾಲೆಗಳು ನಾಲ್ಕು ವಾರದ ಹತ್ತಿರ ಬಾಗಿಲು ಹಾಕಿದ್ದವು. ಸುಮಾರು 33 ಸಾವಿರ ಮಕ್ಕಳು ಮನೆಯಲ್ಲಿ ಕೂತರು.

ಇಷ್ಟು ಹೊತ್ತು ನಗುತ್ತಾ ಬರೆದೆ, ಈಗ ಆಗುತ್ತಿಲ್ಲ. ಆರು ವರ್ಷದ ಮಗು ತನ್ನ ಭಾಷೆಯಲ್ಲಿ ಅ ಆ ಕಲಿಯೋದನ್ನ ದೇಶಕ್ಕೆ ಅಪಾಯ ಅಂತ ಲೆಕ್ಕ ಹಾಕಲು ಕೂತ ದೊಡ್ಡವರಿಗೆ ನಾಚಿಕೆಯಾಗಬೇಕು.

ಅಂದಹಾಗೆ ಅಲ್ಲಿ ಮನೆ ತೆರಿಗೆಗೆ ‘ಅರ್ನೋನಾ’ ಅಂತಾರೆ. ಅದನ್ನು ಕಟ್ಟೋಕೆ ಮಾತ್ರ ಗುಡ್ಡ ಇಳಿಯಬೇಕಿಲ್ಲ.