ಬಾಲ ಇರೋದೆಲ್ಲ ಹಸು ಅಲ್ಲ

ಅರ್ಧ ಮಾರ್ಕು. ಬರೀ ಅರ್ಧ ಮಾರ್ಕಿಗೋಸ್ಕರ ರಾತ್ರಿ ಹತ್ತೂವರೆಗೆ ಕೂತು ಇಷ್ಟುದ್ದ ಬರೆಯುತ್ತಿದ್ದೇನೆ ಅಂತ ನಮ್ಮನೆಯವರು ಆಗಲೇ ಎರಡು ಸಲ ಇಣುಕಿ ನೋಡಿ ಹೋದರು. ನೋಡಲಿ ಬಿಡಿ.

ಮಗಳ ಇಂಗ್ಲಿಷ್ ಟೆಸ್ಟ್ ಪೇಪರ್ ಬಂದಿದೆ. ಅಡ್ವರ್ಬ್ ಯಾವುದೋ ಅದರ ಕೆಳಗೆ ಗೆರೆ ಎಳೆಯಬೇಕು. ವಾಕ್ಯ ಇದು: ‘ದ ಫ್ರೆಂಡ್ಲಿ ಡಾಗ್ ಬಾರ್ಕ್ಸ್ ಆಫನ್.’ ಇವಳು ಆಫನ್ ಕೆಳಗೆ ಗೆರೆ ಎಳೆದಿದ್ದಾಳೆ, ಸ್ಕೇಲ್ ಇಟ್ಟು, ಪೆನ್ಸಿಲಲ್ಲಿ. ಅದರ ಮೇಲೆ ಕೆಂಪು ಪೆನ್ನಿನ ಇಂಟು ಮಾರ್ಕು. ಪಕ್ಕದಲ್ಲಿ ಸರಿ ಉತ್ತರವನ್ನೂ ಬರೆದು ಉಪಕಾರ ಮಾಡಿದ್ದಾರೆ: ಫ್ರೆಂಡ್ಲಿ!

ಕಾವಲಿ ಮೇಲಿನ ದೋಸೆ ಸೀದು ಹೋಯಿತು. ನಾನು ಪೇಪರ್ ಹಿಡಿದು ನಿಂತೇ ಇದ್ದೆ.

ನಾಯಿ ಎಂಥದ್ದು? ಫ್ರೆಂಡ್ಲಿ. ಎಷ್ಟು ಸಲ ಬೊಗಳುತ್ತೆ? ಆಫನ್, ಆಗಾಗ. ನಾಯಿಯ ಗುಣ ಹೇಳುವ ಪದ ಅಡ್ಜೆಕ್ಟಿವ್. ಬೊಗಳೋದರ ಬಗ್ಗೆ ಹೇಳೋದು ಅಡ್ವರ್ಬ್. ಇಷ್ಟೇ ತಾನೇ? ಆದರೆ ‘ಕೊನೆಯಲ್ಲಿ ಎಲ್ ವೈ ಇದ್ದರೆ ಅಡ್ವರ್ಬ್’ ಅಂತ ಬಾಯಿಪಾಠ ಮಾಡಿಸಿದ್ದಾರೆ. ಪದ ಏನು ಕೆಲಸ ಮಾಡುತ್ತಿದೆ ಅಂತ ಯಾರೂ ನೋಡೋದಿಲ್ಲ, ಬಾಲ ನೋಡುತ್ತಾರೆ. ಹಾಗಾದರೆ ಅಗ್ಲಿ, ಸಿಲ್ಲಿ, ಲವ್ಲಿ ಎಲ್ಲವೂ ಅಡ್ವರ್ಬೇ? ಫ್ಯಾಮಿಲಿ ಕೊನೆಯಲ್ಲೂ ಎಲ್ ವೈ ಇದೆ. ಅದನ್ನೂ ಸೇರಿಸಿಕೊಳ್ಳಿ. ಬಾಲ ಇಲ್ಲದ ಪಾಪದ ಫಾಸ್ಟ್, ಹಾರ್ಡ್, ವೆಲ್, ಸೂನ್, ನೆವರ್ ಎಲ್ಲ ಹೊರಗೆ ನಿಂತಿರಲಿ.

ಹಾಗೆ ನೋಡಿದರೆ ಈ ಬಾಲದ ಹುಟ್ಟೂ ಬೇರೆ ಕಥೆಯನ್ನೇ ಹೇಳುತ್ತೆ. ಹಳೇ ಇಂಗ್ಲಿಷಿನಲ್ಲಿ ಮೈ, ರೂಪ ಅನ್ನುವ ಅರ್ಥದ ಒಂದು ಪದ ಇತ್ತು. ಈ ಎಲ್ ವೈ ಅದರ ನೆಂಟ, ‘ಹಾಗೆ ಇರುವ’ ಅನ್ನೋ ಅರ್ಥದ ಲೈಕ್ ಕೂಡ ಅದರ ನೆಂಟನೇ. ಅಂದರೆ ಫ್ರೆಂಡ್ಲಿ ಅಂದರೆ ಗೆಳೆಯನ ಥರದ್ದು. ಈ ಬಾಲ ಶುರುವಿನಿಂದಲೂ ಅಡ್ಜೆಕ್ಟಿವ್ ಮಾಡುವ ಕೆಲಸವನ್ನೂ ಮಾಡಿಕೊಂಡೇ ಬಂದಿದೆ. ಎರಡೂ ಕಡೆ ಸಲ್ಲುವ ಪದಗಳೂ ಇವೆ. ಡೈಲಿ ಪೇಪರ್ ಅಂದಾಗ ಅಡ್ಜೆಕ್ಟಿವ್. ‘ಹಿ ಕಮ್ಸ್ ಡೈಲಿ’ ಅಂದಾಗ ಅಡ್ವರ್ಬ್. ‘ಅವನು ಡೈಲಿ ಬರ್ತಾನೆ’ ಅಂತ ನಮ್ಮ ಹಾಲಿನವರೇ ಸರಿಯಾಗಿ ಬಳಸುತ್ತಾರೆ, ಯಾವ ಗ್ರಾಮರ್ ಪುಸ್ತಕವೂ ಇಲ್ಲದೆ.

‘ಚಿಕ್ಕ ಮಕ್ಕಳು ಕಣೇ, ಮೊದಲು ಒಂದು ಸುಲಭದ ರೂಲ್ ಬೇಕು, ಮುಂದೆ ತಾವೇ ತಿದ್ದಿಕೊಳ್ತಾರೆ’ ಅಂದರು ಇವರು. ಒಂದು ಕ್ಲಾಸಿಗೆ ಐವತ್ತು ಮಕ್ಕಳು, ಕೀ ಆನ್ಸರ್ ನೋಡಿ ತಿದ್ದುತ್ತಾರೆ, ಪಾಪ ಮಿಸ್ ಏನು ಮಾಡ್ತಾರೆ ಅಂತಲೂ ಸೇರಿಸಿದರು. ಆಯ್ತು, ಒಪ್ಪಿದೆ. ಮಿಸ್ ಮೇಲೆ ನನಗೆ ಸಿಟ್ಟಿಲ್ಲ. (ಇದೆ. ಸ್ವಲ್ಪ.) ಆದರೆ ‘ಮುಂದೆ’ ಅನ್ನೋದು ಯಾವಾಗ ಬರುತ್ತೆ?

ನನಗೆ ಬಂದಿದ್ದು ಡಿಗ್ರಿ ಮುಗಿದ ಮೇಲೆ. ಈ ವಿಷಯ ಇಲ್ಲಿ ಯಾರಿಗೂ ಹೇಳಿಲ್ಲ. ನಾನು ಕನ್ನಡ ಮೀಡಿಯಂ, ಎಬಿಸಿಡಿ ಕಲಿತದ್ದೇ ಐದನೇ ಕ್ಲಾಸಲ್ಲಿ, ನಿಮಗೆಲ್ಲ ಗೊತ್ತು. ಮೊದಲ ಇಂಟರ್‌ವ್ಯೂ. ಅತ್ತೆಯ ಸೀರೆ ಉಟ್ಟು ಹೋಗಿದ್ದೆ. ನಿಮ್ಮ ಬಗ್ಗೆ ಹೇಳಿ ಅಂದರು. ಕಷ್ಟಪಟ್ಟು ಕೆಲಸ ಮಾಡುತ್ತೇನೆ ಅನ್ನಬೇಕಿತ್ತು. ಕನ್ನಡದಲ್ಲಿ ‘ಕಷ್ಟಪಟ್ಟು’ ಮೊದಲು ಬರುತ್ತಲ್ವಾ, ಹಾಗೇ ಮೊದಲು ಇಟ್ಟೆ. ಅಡ್ವರ್ಬ್ ಅಂದ ಮೇಲೆ ಬಾಲ ಬೇಕಲ್ಲ, ಅದನ್ನೂ ಅಂಟಿಸಿದೆ. ಹೆಮ್ಮೆಯಿಂದ ಹೇಳಿದೆ: ‘ಐ ಹಾರ್ಡ್ಲಿ ವರ್ಕ್, ಸರ್.’

ಅಂದರೆ, ನಾನು ಕೆಲಸ ಮಾಡೋದೇ ಅಪರೂಪ ಸರ್.

ಮೂವರೂ ನಕ್ಕರು. ಯಾಕೆ ಅಂತ ಗೊತ್ತಾಗದೆ ನಾನೂ ನಕ್ಕೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತೆ. ಹಾರ್ಡ್‌ಗೆ ಬಾಲ ಬೇಕಿಲ್ಲ, ಹಾಕಿದರೆ ಅರ್ಥವೇ ಉಲ್ಟಾ ಅಂತ ಹತ್ತು ವರ್ಷ ಇಂಗ್ಲಿಷ್ ಕಲಿಸಿದವರು ಒಬ್ಬರೂ ಹೇಳಿರಲಿಲ್ಲ. ಲೇಟ್ ಮತ್ತು ಲೇಟ್ಲಿ ಕಥೆಯೂ ಅಷ್ಟೇ. ಮೊದಲನೆಯದು ತಡವಾಗಿ, ಎರಡನೆಯದು ಇತ್ತೀಚೆಗೆ.

ತಮಾಷೆ ಅಂದರೆ ಕನ್ನಡದಲ್ಲಿ ನಾವು ಯಾರೂ ಹೀಗೆ ಬಾಲ ನೋಡಿ ಕಲಿತವರಲ್ಲ. ‘ಜೋರಾಗಿ ಕೂಗಿದ’ ಅನ್ನೋದರಲ್ಲಿ ‘ಆಗಿ’ ಇದೆ, ಸರಿ. ‘ಮಳೆಗಾಗಿ ಕಾದೆವು’ ಅನ್ನೋದರಲ್ಲೂ ಇದೆ, ಅದು ಹೇಗೆ ಕಾದೆವು ಅಂತ ಹೇಳುತ್ತಾ? ‘ಬೇಗ ಬಾ’, ‘ಸುಮ್ನೆ ಕೂರು’, ‘ದಡದಡ ಇಳಿದ’, ಇವಕ್ಕೆ ಯಾವ ಬಾಲ ಇದೆ? ಹೇಗೆ, ಯಾವಾಗ, ಎಲ್ಲಿ, ಎಷ್ಟು ಸಲ ಅಂತ ಕೇಳಿದರೆ ಮೂರನೇ ಕ್ಲಾಸಿನ ಮಗು ಕೂಡ ಹೇಳುತ್ತೆ. ಇದೇ ಪ್ರಶ್ನೆಗಳನ್ನು ಇಂಗ್ಲಿಷ್ ವಾಕ್ಯಕ್ಕೂ ಕೇಳಿ ಅಂದರೆ ಏನು ಗಂಟು ಹೋಗುತ್ತೆ ಇವರದ್ದು? ನನ್ನ ಮಗಳು ಮಾಡಿದ್ದೂ ಅದನ್ನೇ. ‘ಎಷ್ಟು ಸಲ ಅಂತ ಕೇಳಿಕೊಂಡೆ ಅಮ್ಮ, ಆಫನ್ ಬಂತು’ ಅಂದಳು. ಅವಳಿಗೆ ಸೊನ್ನೆ.

ನಾಳೆ ಸ್ಕೂಲಿಗೆ ಬರ್ತೀನಿ ಅಂದಿದ್ದಕ್ಕೆ ಅಳುವುದೊಂದು ಬಾಕಿ. ‘ಬರ್ಬೇಡಮ್ಮ ಪ್ಲೀಸ್, ಎಲ್ರೂ ನಗ್ತಾರೆ.’ ಸರಿ, ಹೋಗಲ್ಲ. ಪೇಪರಿಗೆ ಪೋಷಕರ ಸಹಿ ಬೇಕಿತ್ತು, ಹಾಕಿದೆ. ಸಹಿ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ದಯವಿಟ್ಟು ಆಫನ್ ಪದವನ್ನು ಡಿಕ್ಷನರಿಯಲ್ಲಿ ನೋಡಿ’ ಅಂತ ಒಂದು ಸಾಲು ಬರೆದೆ.

ಈಗ ಬ್ಯಾಗಿನಿಂದ ತೆಗೆದು ನೋಡಿದರೆ ಆ ಸಾಲಿನ ಮೇಲೆ ವೈಟ್ನರ್ ಬಳಿದಿದ್ದಾಳೆ. ನೀಟಾಗಿ.