ನಮ್ಮ ಕೆರೆಗೊಬ್ಬ ನೀರುಗಂಟಿ ಬೇಕು

ಜೂನ್ 5ರ ಪರಿಸರ ದಿನ ಹತ್ತಿರ ಬಂತು ಅಂದರೆ ನನಗೆ ಸಣ್ಣ ದಿಗಿಲು. ಅವತ್ತು ನಮ್ಮ ಬಡಾವಣೆಯ ಕೆರೆಗೆ ವರ್ಷದಲ್ಲೇ ಜಾಸ್ತಿ ಜನ ಬರುತ್ತಾರೆ. ಬ್ಯಾನರ್, ಟೋಪಿ, ಮೊದಲೇ ತೋಡಿಟ್ಟ ಗುಂಡಿ. ಸಸಿ ಇಟ್ಟು ಫೋಟೋ ಹೊಡೆಸಿಕೊಂಡು, ಉಪ್ಪಿಟ್ಟು ಕೇಸರಿಬಾತು ತಿಂದು ಹೊರಡುತ್ತಾರೆ.

ಹೋದ ವರ್ಷ ಏರಿ ಮೇಲೇ ಸಾಲಾಗಿ ನೆಟ್ಟರು. ನಾನೂ ಗುದ್ದಲಿ ಹಿಡಿದು ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ಹಸು ಹೊಡೆದುಕೊಂಡು ಹೋಗುತ್ತಿದ್ದ ತಾತ ಒಬ್ಬರು ನಿಂತು ನೋಡಿದರು. "ಏನಪ್ಪಾ, ಏರಿ ಮೇಲೆ ಮರ ಹಾಕ್ತಾರಾ? ಬೇರು ಇಳಿದ್ರೆ ಏರಿ ಉಳೀತದಾ?"

ಅವರು ಹೇಳಿದ್ದು ಸರಿ. ದೊಡ್ಡ ಮರದ ಬೇರು ಮಣ್ಣಿನ ಏರಿಯನ್ನು ಸಡಿಲ ಮಾಡುತ್ತದೆ. ಮರ ಸತ್ತು ಬೇರು ಕೊಳೆತರೆ ಆ ಪೊಳ್ಳಿನಲ್ಲೇ ನೀರು ಜಿನುಗುತ್ತದೆ. ಪುಣ್ಯಕ್ಕೆ (ಹಾಗನ್ನಬಾರದು) ನೀರು ಹಾಕುವವರಿಲ್ಲದೆ ಯುಗಾದಿ ಹೊತ್ತಿಗೆ ಸಸಿಗಳು ಒಣಗಿದವು. ನೆಟ್ಟವರ ಹೆಸರಿನ ಚೀಟಿ ಮಾತ್ರ ಇನ್ನೂ ನೇತಾಡುತ್ತಿದೆ.

ಕೆರೆ ಕೆಲಸ ನೋಡಬೇಕಾದರೆ ಭಾನುವಾರ ಬೆಳಗ್ಗೆ ಆರೂವರೆಗೆ ಬನ್ನಿ. ಏಳೆಂಟು ಜನ ಮೊಣಕಾಲುದ್ದ ಕೆಸರಲ್ಲಿ ನಿಂತು ಅಂತರಗಂಗೆ ಎಳೆಯುತ್ತಿರುತ್ತೇವೆ. ದಕ್ಷಿಣ ಅಮೆರಿಕದಿಂದ ಬಂದ ಕಳೆ ಅದು. ನೇರಳೆ ಹೂವು ನೋಡೋಕೇನೋ ಚೆಂದ. ಒಂದು ಗಿಡ ಎಳೆದರೆ ಹತ್ತು ಕೂಡಿಕೊಂಡು ಬರುತ್ತವೆ. ಬೇರು ಬಾಚದ ಜಡೆಯ ಹಾಗೆ, ಕಪ್ಪಗೆ, ನೀರು ತೊಟ್ಟಿಕ್ಕುತ್ತಾ. ಅದರೊಳಗೆ ಬಸವನಹುಳು, ಗುಟ್ಕಾ ಚೀಟಿ. ಒಂದು ಸಲ ತಂತಿ ಚುಚ್ಚಿಕೊಂಡ ಪಿಓಪಿ ಗಣೇಶನ ಕೈ ಸಿಕ್ಕಿತ್ತು, ಬಳೆ ಬಣ್ಣ ಕೂಡ ಮಾಸಿರಲಿಲ್ಲ. ತೆಗೆದಿದ್ದನ್ನು ದಡದಲ್ಲೇ ಬಿಡುವ ಹಾಗೂ ಇಲ್ಲ, ಮಳೆ ಬಂದರೆ ವಾಪಸ್ ನೀರಿಗೆ.

ಚರಂಡಿ ನೀರೇ ಆ ಕಳೆಗೆ ಗೊಬ್ಬರ. ಎರಡು ವಾರದಲ್ಲಿ ದುಪ್ಪಟ್ಟಾಗಬಲ್ಲದು. ಕಾಲುವೆಯಲ್ಲಿ ಕೊಳಚೆ ಬರುವುದು ನಿಲ್ಲದಿದ್ದರೆ ನಾವು ಎಳೆಯುತ್ತಲೇ ಇರಬೇಕು. ಪೈಪ್ ಒಡೆದಿದೆ ಅಂತ ಕಚೇರಿಯೊಂದಕ್ಕೆ ಮೂರು ಸಲ ಅಲೆದೆ. ಮೂರನೇ ಸಲ ಕೇಳಿದ್ದು, "ಅದ್ಸರಿ, ನೀವ್ಯಾರು?"

ಒಳ್ಳೇ ಪ್ರಶ್ನೆ. ಹಿಂದೆ ಇದಕ್ಕೆ ಉತ್ತರ ಇತ್ತು. ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ನೀರು ಅನ್ನುವುದು, ಕಾಲುವೆ ಕಾಯುವುದು ಅವನ ಕೆಲಸ. ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯ ಕೊಡುತ್ತಿದ್ದರು, ಕೆಲವು ಕಡೆ ಇನಾಮು ಜಮೀನೂ ಇತ್ತು. ಗದ್ದೆ ಸೈಟಾಯಿತು, ಅವನ ಕೆಲಸವೂ ಹೋಯಿತು. ಈಗ ಅದೇ ಕೆಲಸ ಬಿಟ್ಟಿಯಾಗಿ ನಾವು ಮಾಡುತ್ತಿದ್ದೇವೆ. ಕಾಳು ಬೇಡ ಸ್ವಾಮಿ, ಅವನಿಗಿದ್ದ ಮಾತಿನ ತೂಕ ಕೊಡಿ ಸಾಕು.

ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯವರಿಗೆ ಅದು ಸಿಕ್ಕಿತ್ತು. ಅಕ್ಕಪಕ್ಕದ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು, 2011ರಲ್ಲಿ ಪಾಲಿಕೆ ಜೊತೆ ಒಪ್ಪಂದವಾಯಿತು. ಮಳೆನೀರು ಬರುವ ದಾರಿಗಳೇ ಮುಚ್ಚಿಹೋಗಿದ್ದ ಕೆರೆಗೆ ಪಕ್ಕದ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರು ಬರುವ ಹಾಗೆ ಮಾಡಿದರು. ಹೆಸರು ಬರೆದ ಸಸಿಗಿಂತ ಆ ಪೈಪೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಪೈಪ್ ಜೊತೆ ಫೋಟೋ ಚೆನ್ನಾಗಿ ಬರಲ್ಲ, ಅದೊಂದೇ ಕಷ್ಟ.

ಈ ಭಾನುವಾರ ಕೋಡಿ ಹತ್ತಿರ ಇರುತ್ತೇವೆ. ಹಳೇ ಪ್ಯಾಂಟ್ ಹಾಕಿಕೊಂಡು ಬನ್ನಿ. ಉಪ್ಪಿಟ್ಟು ಇರಲ್ಲ.