20 ನಿಮಿಷ ಸಾಕಾ? ಸಂಜೆ ಪಾಠಕ್ಕೆ ಸಮಯದ ಮಿತಿ: ಪರ-ವಿರೋಧ

ಶಿಡ್ಲಘಟ್ಟದ ಹತ್ತಿರದ ನಮ್ಮ ಊರಿನಲ್ಲಿ ಹತ್ತನೇ ತರಗತಿ ಮಕ್ಕಳಿಗೆ ನಾವಿಬ್ಬರು ಸಂಜೆ ಹೊತ್ತು ಲೆಕ್ಕ ಹೇಳಿಕೊಡುತ್ತೇವೆ. ದುಡ್ಡು ತಗೊಳ್ಳುವುದಿಲ್ಲ. ಒಬ್ಬೊಬ್ಬರಿಗೆ 20 ನಿಮಿಷ ಅಂತ ಮಿತಿ ಹಾಕಬೇಕಾ? ಈ ಒಂದು ವಿಷಯದಲ್ಲಿ ನಮ್ಮಿಬ್ಬರಿಗೆ ಹೊಂದಿಲ್ಲ. ಇಬ್ಬರೂ ಬರೆದಿದ್ದೇವೆ.

ಪರ

ಹೋದ ವರ್ಷದವರೆಗೂ ನಾನು ಗಡಿಯಾರ ನೋಡುತ್ತಿರಲಿಲ್ಲ. ಒಬ್ಬ ಹುಡುಗ ದಿನಾ ಆರು ಗಂಟೆಗೆ ಬಂದು ಎದುರಿಗೆ ಕೂರುತ್ತಿದ್ದ. ಪೆನ್ನಿನ ಕ್ಯಾಪ್ ಕೂಡ ತೆಗೆಯುತ್ತಿರಲಿಲ್ಲ. ನಾನು ಲೆಕ್ಕ ಮಾಡಿ ಮುಗಿಸಿದ ಮೇಲೆ ಕ್ಯಾಪ್ ತೆಗೆದು ಚೆಂದವಾಗಿ ಕಾಪಿ ಮಾಡಿಕೊಳ್ಳುತ್ತಿದ್ದ. ಒಂದೂವರೆ ಗಂಟೆ ಹೀಗೇ ಹೋಗುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದೇ ಥರದ ಲೆಕ್ಕ ಬಂತು. ಹಾಳೆ ಖಾಲಿ ಬಿಟ್ಟು ಬಂದ. ತಪ್ಪು ನನ್ನದೇ. ಅವನ ಬದಲು ನಾನೇ ಓದುತ್ತಿದ್ದೆ.

ಆಮೇಲೆ ಕಟ್ಟುನಿಟ್ಟು ಮಾಡಿದೆ. 20 ನಿಮಿಷ ಅಷ್ಟೇ. ಬರುವಾಗ ನೀನು ಮಾಡಿ ನೋಡಿದ ಹಾಳೆ ಕೈಯಲ್ಲಿರಬೇಕು, ಕಾಟು ಹೊಡೆದಿದ್ದರೂ ಪರವಾಗಿಲ್ಲ ಅಂದೆ. ಮೊದಲ ವಾರ ಮುಖ ಊದಿಸಿಕೊಂಡಿದ್ದ. ಎರಡನೇ ವಾರ ವರ್ಗ ಸಮೀಕರಣದ ಒಂದು ಲೆಕ್ಕ ತಂದು, ಮೂರನೇ ಸಾಲಿನ ಮೇಲೆ ಬೆರಳಿಟ್ಟು, "ಸರ್, ಇಲ್ಲಿಂದ ಮುಂದಕ್ಕೆ ಹೋಗ್ತಿಲ್ಲ" ಅಂದ. ಮೈನಸ್ ಹೊರಗೆ ತೆಗೆದವನು ಆವರಣದ ಒಳಗಿನ ಚಿಹ್ನೆ ಬದಲಾಯಿಸಿರಲಿಲ್ಲ. ನಾಲ್ಕು ನಿಮಿಷದ ಕೆಲಸ. ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಅವನೇ ಹುಡುಕಿಕೊಂಡು ಬಂದಿದ್ದ, ಅಲ್ವಾ? ನನಗೆ ಅದು ಸಾಕಿತ್ತು.

ಎಸ್ಸೆಸ್ಸೆಲ್ಸಿ ಗಣಿತದಲ್ಲಿ 80 ಅಂಕಕ್ಕೆ ಬರೆಯಲು 3 ಗಂಟೆ. ನಾಲ್ಕು ಅಂಕದ ಲೆಕ್ಕಕ್ಕೆ ಬರುವುದು ಒಂಬತ್ತೇ ನಿಮಿಷ. ಅಲ್ಲಿ ಪಕ್ಕದಲ್ಲಿ ನಾನಿರುವುದಿಲ್ಲ. ಇನ್ನು ಜಗಲಿ ಮೇಲೆ ಕಾಯುವ ಮಕ್ಕಳೂ ಇದ್ದಾರೆ. ಒಬ್ಬನಿಗೇ ಒಂದೂವರೆ ಗಂಟೆ ಕೊಟ್ಟರೆ ಕೊನೆಯವಳು ತೂಕಡಿಸಿಕೊಂಡೇ ಮನೆಗೆ ಹೋಗುತ್ತಾಳೆ.

ವಿರೋಧ

ನಮ್ಮ ಕಡೆ ರೇಷ್ಮೆ ಜಾಸ್ತಿ. ನಾಲ್ಕನೇ ಜ್ವರ (ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಹುಳ ಒಂದೇ ಸಮನೆ ಮೇಯುತ್ತದೆ. ಇಡೀ ಬೆಳೆಗೆ ಬೇಕಾದ ಹಿಪ್ಪುನೇರಳೆ ಸೊಪ್ಪಿನಲ್ಲಿ 100ಕ್ಕೆ 80 ಪಾಲು ಆ ಒಂದು ವಾರದಲ್ಲೇ ಖಾಲಿ. ಆಗ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ, ಹತ್ತನೇ ತರಗತಿಯ ಹುಡುಗಿಗೂ. ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾದ ದಿನವಂತೂ ಶಾಲೆಯೇ ತಪ್ಪುತ್ತದೆ. ಆರಿಸಿ ಆರಿಸಿ ಚಂದ್ರಂಕಿಗೆ, ಅಂದರೆ ಹುಳ ಗೂಡು ಕಟ್ಟುವ ತಟ್ಟೆಗೆ ಬಿಡಬೇಕು, ಕೈ ಎಷ್ಟಿದ್ದರೂ ಸಾಲದು.

ಅಂಥ ಒಂದು ವಾರದಲ್ಲಿ ಒಬ್ಬಳು ನನ್ನ ಹತ್ತಿರ ಬಂದಳು. ಬೆರಳ ತುದಿಯಲ್ಲಿ ಸೊಪ್ಪಿನ ಕರೆ. ಪುಸ್ತಕ ಇತ್ತು, ಮಾಡಿ ನೋಡಿದ ಹಾಳೆ ಇರಲಿಲ್ಲ. ಮೇಲೆ ಬರೆದವರ ನಿಯಮದಲ್ಲಿ ಇವಳು ಬರಿಗೈಯಲ್ಲಿ ಬಂದವಳು. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಬೆಳೆ ಕೈಕೊಡುತ್ತದೆ, ಸಾಲ ಅಪ್ಪನ ತಲೆ ಮೇಲೆ ಕೂರುತ್ತದೆ ಅಂತ ಗೊತ್ತಿರುವ ಹುಡುಗಿ ಅವಳು. ಜವಾಬ್ದಾರಿ ಅಂದರೇನು ಅಂತ ಅವಳಿಗೆ ನಾನು ಗಡಿಯಾರ ತೋರಿಸಿ ಕಲಿಸಬೇಕಾ?

ಭಾಷೆಯ ತೊಡಕು ಬೇರೆ. ಇಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಪುಸ್ತಕದಲ್ಲಿ ಕನ್ನಡ. 'ಸಮಾಂತರ ಶ್ರೇಢಿ', 'ಅಪವರ್ತನ' ಅನ್ನುವ ಮಾತು ಹತ್ತಿರವಾಗಲು ಹೊತ್ತು ಬೇಕು. ಪ್ರಶ್ನೆ ಏನು ಕೇಳುತ್ತಿದೆ ಅಂತ ತೆಲುಗಿನಲ್ಲಿ ಬಿಡಿಸಿ ಹೇಳುವುದರಲ್ಲೇ ಅರ್ಧ ಸಮಯ ಹೋಗುತ್ತದೆ.

ಮಿತಿ ಅಂದ ಕೂಡಲೇ ಸಂಕೋಚದ ಮಕ್ಕಳು "ಗೊತ್ತಾಯ್ತು ಅಕ್ಕ" ಅಂತ ಎದ್ದುಬಿಡುತ್ತಾರೆ. ಸುಮ್ನೆ ಹೇಳುವ ಮಾತದು. ಚಿಕ್ಕವಳಿದ್ದಾಗ ನಾನೂ ಹಾಗೇ ಎದ್ದು ಹೋಗಿದ್ದೇನೆ, ಆಮೇಲೆ ಕೇಳಲು ಬಾಯಿಯೇ ಬರಲಿಲ್ಲ. ಎಸ್ಸೆಸ್ಸೆಲ್ಸಿಗೇ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಒಂದರಲ್ಲಿ ಎಡವಿದವರಿಗೆ ಇನ್ನೊಂದು ಇರಲಿ ಅಂತ ಸರ್ಕಾರವೇ ಬಾಗಿಲು ತೆರೆದಿದೆ. ನಮ್ಮ ಜಗಲಿಯಲ್ಲಿ ಯಾಕೆ ಮುಚ್ಚಬೇಕು?

ಕಾಪಿ ಮಾಡುವ ಹುಡುಗನ ಕಥೆ ನಿಜ. ಆದರೆ ಅವನಿಗೆ ಬೇಕಾಗಿದ್ದು ಮೊದಲ ಸಾಲನ್ನು ಅವನ ಕೈಯಿಂದಲೇ ಬರೆಸುವುದು. ಅದಕ್ಕೆ ಗಡಿಯಾರ ಯಾಕೆ?

ಆ ಹುಡುಗಿ ಏಳಕ್ಕೆ ಬಂದವಳು ಎಂಟೂಮುಕ್ಕಾಲಿಗೆ ಎದ್ದಳು. ಅವರಮ್ಮ ಎರಡು ಸಲ ಕೂಗಿದ್ದರು. ಗೂಡು ಮಾರ್ಕೆಟ್ಟಿಗೆ ಹೋದ ಮಾರನೇ ದಿನ ಮತ್ತೆ ಬಂದಳು. ಹಿಂದೆ ಬಿದ್ದಿದ್ದ ಎರಡು ಅಭ್ಯಾಸದ ಲೆಕ್ಕ ಮಾಡಿಕೊಂಡು ತಂದಿದ್ದಳು. ನಾನು ಹೇಳಿರಲಿಲ್ಲ.